ಯೋಚನೆ ಮಾಡುವಾಗ ನಿಮಗೆ ಮಾತು ಕೇಳತ್ತಾ, ಅಕ್ಷರ ಕಾಣತ್ತಾ, ಎರಡೂ ಇಲ್ವಾ?

ತುಂಗೆ ದಂಡೆ:

ತೀರ್ಥಹಳ್ಳಿ ಹತ್ರ ನಮ್ಮನೆ, ಅಡಿಕೆ ತೋಟ, ಈಗ ಕೊಯ್ಲು ನಡೀತಾ ಇದೆ. ಸುಲಿಯೋ ಮಷಿನ್ ಬಂದಿದೆ ಆದ್ರೂ ಸ್ವಲ್ಪ ಅಡಿಕೆ ಕೈಯಲ್ಲೇ ಸುಲಿಯೋದು, ರಾತ್ರಿ ಊಟ ಆದ್ಮೇಲೆ ಮೆಟ್ಟುಗತ್ತಿ ಹಾಕ್ಕೊಂಡು ಕೂತ್ರೆ ಹನ್ನೊಂದು ಗಂಟೆ ತನಕ ಮಾತು ಮುಗಿಯಲ್ಲ. ಮೊನ್ನೆ ಅಲ್ಲಿ ಬಂದ ಒಂದು ಮಾತು ನನ್ನ ಬಿಡ್ತಾ ಇಲ್ಲ ಅದಕ್ಕೆ ಇಲ್ಲಿ ಕೇಳ್ತಿದೀನಿ.

ನಮ್ಮ ಅಪ್ಪಯ್ಯಂಗೆ ಹೋದ ಶ್ರಾವಣದಲ್ಲಿ ಸ್ಟ್ರೋಕ್ ಆಯ್ತು. ಬಲಗೈ ಸೋತಿದೆ, ಮಾತು ಹೋಗಿದೆ. "ಹಾಂ" ಅಂತಾರೆ, "ಅದು ಅದು" ಅಂತಾರೆ, ಅಷ್ಟೇ. ಆದ್ರೆ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಅಂಗಳಕ್ಕೆ ಬಂದು ಕೂತು ಎಡಗೈಯಲ್ಲೇ ಅಡಿಕೆ ಆರಿಸ್ತಾರೆ. ಹಸ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ, ಒಂದೂ ತಪ್ಪಲ್ಲ. ನಾನು ಆರಿಸಿದ ಗುಡ್ಡೆಯಿಂದ ಎರಡು ಮೂರು ತೆಗೆದು ಆಚೆ ಹಾಕ್ತಾರೆ ಯಾವಾಗ್ಲೂ, ನೋಡಿದ್ರೆ ಅವರು ಮಾಡಿದ್ದೇ ಸರಿ ಇರುತ್ತೆ.

ಮೊನ್ನೆ ಸುಲಿಯಕ್ಕೆ ಬಂದ ಸಂಬಂಧಿಕರೊಬ್ಬರು ಅಪ್ಪಯ್ಯನ ಎದುರೇ ಅಂದ್ರು, "ಪಾಪ, ಮಾತೇ ಹೋದ್ಮೇಲೆ ತಲೇಲಿ ಎಂತ ಓಡತ್ತೆ, ಮಗು ತರ ಆಗ್ತಾರೆ" ಅಂತ. ನಂಗೆ ಕಣ್ಣಲ್ಲಿ ನೀರು ಬಂತು. ಆದ್ರೆ ರಾತ್ರಿ ಮಲಗಿ ಯೋಚನೆ ಮಾಡಿದ್ರೆ ಭಯ ಆಯ್ತು, ಎಂತಕ್ಕೆ ಅಂದ್ರೆ ನನ್ನ ತಲೆ ಒಳಗೆ ಇಡೀ ದಿನ ಮಾತೇ. ಹಾಲು ಕಾಯಿಸ್ಬೇಕು, ಮಗಳಿಗೆ ಬಸ್ಸು ಎಂಟೂಕಾಲಿಗೆ, ಇವರಿಗೆ ಹೇಳ್ಬೇಕಿತ್ತು, ಹೀಗೆ ಒಂದೊಂದೂ ನನ್ನ ದನಿಯಲ್ಲೇ ಕೇಳತ್ತೆ. ಆ ಮಾತು ನಿಂತ್ರೆ ನಾನು ಯೋಚನೆ ಮಾಡೋದು ಹ್ಯಾಗೆ? ಅಪ್ಪಯ್ಯಂಗೂ ಒಳಗೆ ಮಾತು ನಿಂತಿದ್ಯಾ, ಅಥವಾ ಒಳಗೆ ಎಲ್ಲ ಇದ್ದು ಬಾಯಿಗೆ ಬರ್ತಿಲ್ವಾ?

ಮರುದಿನ ನಮ್ಮ ಅತ್ತಿಗೆ ಹತ್ರ ಇದನ್ನ ಹೇಳಿದ್ರೆ ಅವರು "ತಲೆ ಒಳಗೆ ಮಾತಾ? ನಂಗೆ ಹಂಗೆಲ್ಲ ಎಂತದೂ ಕೇಳಲ್ಲ" ಅಂದ್ರು. ಇಪ್ಪತ್ತು ವರ್ಷ ಒಂದೇ ಅಡಿಗೆಮನೇಲಿ ಕೆಲಸ ಮಾಡಿದೀವಿ, ಇದು ನಂಗೆ ಗೊತ್ತೇ ಇರ್ಲಿಲ್ಲ. ಇಲ್ಲಿ ಇರೋರು ಹೇಳಿ, ನಿಮಗೆ ಹ್ಯಾಗೆ?

ಮಂಡಿ ಲೆಕ್ಕ:

ಮೊದ್ಲು ನಿಮ್ಮ ಅಪ್ಪಯ್ಯ ಬೇಗ ಸುಧಾರಿಸಲಿ. ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋನು. ನಂಗೂ ನಿಮ್ಮ ಹಾಗೇ, ಒಳಗೆ ಮಾತು. ಪೇಪರ್ ಓದಿದ್ರೂ ಯಾರೋ ಓದಿ ಹೇಳಿದ ಹಾಗೆ ಕೇಳತ್ತೆ, ಪರಿಚಯದವರು ಮೆಸೇಜ್ ಹಾಕಿದ್ರೆ ಅವರ ದನಿಯಲ್ಲೇ ಕೇಳತ್ತೆ. ಕಿವಿಗೆ ಕೇಳೋ ಸದ್ದಲ್ಲ ಅದು, ಆದ್ರೂ ದನಿ ಅನ್ನೋದು ಖಂಡಿತ.

ಒಂದು ಪರೀಕ್ಷೆ ಹೇಳ್ತೀನಿ, ಮಾಡಿ ನೋಡಿ. ರಿಚರ್ಡ್ ಫೈನ್‌ಮನ್ ಅಂತ ಅಮೆರಿಕದ ದೊಡ್ಡ ಭೌತವಿಜ್ಞಾನಿ, 1965ರಲ್ಲಿ ನೊಬೆಲ್ ಬಂದವರು, ಪ್ರಿನ್ಸ್‌ಟನ್‌ನಲ್ಲಿ ಓದ್ತಾ ಇದ್ದಾಗ ಮನಸ್ಸಲ್ಲೇ 60ರ ತನಕ ಎಣಿಸಿ ಗಡಿಯಾರ ನೋಡಿದ್ರೆ ಪ್ರತಿ ಸಲ 48 ಸೆಕೆಂಡ್ ಬರ್ತಿತ್ತಂತೆ. ಆಮೇಲೆ ಎಣಿಸ್ತಾ ಎಣಿಸ್ತಾ ಬೇರೆ ಎಂತ ಮಾಡಬಹುದು ಅಂತ ನೋಡಿದ್ರು. ಓದಕ್ಕೆ ಆಗ್ತಿತ್ತು, ಮಾತಾಡಕ್ಕೆ ಮಾತ್ರ ಆಗ್ತಿರ್ಲಿಲ್ಲ. ಇದನ್ನ ಹೇಳಿದಾಗ ಅಲ್ಲಿದ್ದ ಜಾನ್ ಟ್ಯೂಕಿ ಅನ್ನೋ ಗಣಿತದವರು, ಓದಕ್ಕೆ ಹ್ಯಾಗಾಗತ್ತೆ ಸಾಧ್ಯವೇ ಇಲ್ಲ, ಮಾತಾಡೋದಾದ್ರೆ ಸುಲಭ ಅಂದ್ರಂತೆ. ಕೇಳಿದ್ರೆ ಗೊತ್ತಾಗಿದ್ದು, ಫೈನ್‌ಮನ್ ಎಣಿಸೋದು ಒಳಗೆ ಹೇಳ್ಕೊಂಡು, ಟ್ಯೂಕಿ ಎಣಿಸೋದು ಅಂಕಿ ಬರೆದ ಪಟ್ಟಿ ಒಂದು ಕಣ್ಣೆದುರು ಸರಿದು ಹೋಗೋದನ್ನ ನೋಡ್ಕೊಂಡು. ಟ್ಯೂಕಿಗೆ ಕಣ್ಣು ಬಿಡುವಿಲ್ಲ, ಫೈನ್‌ಮನ್‌ಗೆ ನಾಲಿಗೆ ಬಿಡುವಿಲ್ಲ.

ಮೂಟೆ ಎಣಿಸುವಾಗ ಯಾರಾದ್ರೂ ಮಾತಾಡಿಸಿದ್ರೆ ನನ್ನ ಲೆಕ್ಕ ಅಲ್ಲಿಗೇ ತಪ್ಪತ್ತೆ, ಮತ್ತೆ "ಲಾಭ, ಎರಡು, ಮೂರು" ಅಂತ ಮೊದಲಿಂದ ಶುರು. ನಮ್ಮಲ್ಲಿ ಒಬ್ಬರು ಹಳಬರು ಇದಾರೆ, ಫೋನಲ್ಲಿ ಜಗಳ ಆಡ್ತಾನೇ ಮೂಟೆ ಎಣಿಸಿ ಸರಿಯಾಗಿ ಹೇಳ್ತಾರೆ. ನಿನ್ನೆ ಅವರನ್ನ ಕೇಳ್ದೆ, ಹ್ಯಾಗೆ ಮಾರಾಯ್ರೆ ಅಂತ. "ಐದೈದರ ಸಾಲು ಕಾಣತ್ತಲ್ಲ, ಹೇಳೋದೆಂತಕ್ಕೆ" ಅಂದ್ರು. ಅವರಿಗೆ ಅದು ಪ್ರಶ್ನೆ ಅಂತಲೇ ಅನ್ನಿಸ್ಲಿಲ್ಲ.

ಸಾಗರದವಳು:

ನಾನು ಇದನ್ನ ಇಷ್ಟು ಜನರ ಎದುರು ಬರೀತಿರೋದು ಇದೇ ಮೊದಲು. ನಂಗೆ ಅಕ್ಷರ ಕಾಣತ್ತೆ.

ಯಾರಾದ್ರೂ ಮಾತಾಡಿದ್ರೆ ಅದು ಬರಹವಾಗಿ ಬರತ್ತೆ, ಸಿನಿಮಾದಲ್ಲಿ ಕೆಳಗೆ ಸಬ್‌ಟೈಟಲ್ ಬರತ್ತಲ್ಲ ಹಾಗೆ, ಆದ್ರೆ ಪರದೆ ಇಲ್ಲ, ಎದುರಿಗಿನ ಗೋಡೆ ಮೇಲೂ ಅಲ್ಲ, ಎಲ್ಲಿ ಅಂದ್ರೆ ಹೇಳಕ್ಕೆ ಕಷ್ಟ, ಹಣೆಯಿಂದ ಸ್ವಲ್ಪ ಮುಂದೆ. ಎಡದಿಂದ ಬಲಕ್ಕೆ ಹೋಗ್ತಾ ಇರತ್ತೆ. ನಾನೇ ಯೋಚನೆ ಮಾಡಿದ್ರೂ ಹಾಗೇ. ಕನ್ನಡ ಆದ್ರೆ ಕನ್ನಡದಲ್ಲಿ, ಇಂಗ್ಲಿಷ್ ಆದ್ರೆ ಇಂಗ್ಲಿಷಲ್ಲಿ. ಶಿವಮೊಗ್ಗ ಅಂದ್ರೆ ಆ ಗ ಮತ್ತು ಕೆಳಗಿನ ಗ ಒತ್ತು ಎರಡೂ ಸ್ಪಷ್ಟ. ಯಾರಾದ್ರೂ "ಹಾದರ" ಅಂತ ಹೇಳಿದ್ದು "ಆದರ" ಅನ್ನೋ ಅರ್ಥದಲ್ಲಿ ಅಂತ ಗೊತ್ತಾದ್ರೆ ಆ ಹ ತಾನೇ ಅಳಿಸಿ ಅಲ್ಲಿ ಆ ಬಂದು ಕೂರತ್ತೆ. ನಂಗೆ ಅರ್ಥ ಆಗದ ಮಾತು, ಉದಾಹರಣೆಗೆ ಬಸ್ಸಲ್ಲಿ ಯಾರೋ ನಂಗೆ ಬಾರದ ಭಾಷೆ ಮಾತಾಡಿದ್ರೆ, ಆಗ್ಲೂ ಕನ್ನಡ ಲಿಪಿಯಲ್ಲೇ ಏನೋ ಒಂದು ಬರತ್ತೆ, ಅರ್ಧ ಮಸುಕು.

ನಾನು ಪ್ರೆಸ್ಸಲ್ಲಿ ಡಿಟಿಪಿ ಕೆಲಸ ಮಾಡ್ತೀನಿ, ಮದುವೆ ಕಾಗದ, ಗೃಹಪ್ರವೇಶದ ಕಾಗದ. ಈ ಕೆಲಸಕ್ಕೆ ಇದರಿಂದ ಬಹಳ ಉಪಯೋಗ, ತಪ್ಪು ಒತ್ತಕ್ಷರ ಇದ್ರೆ ಕಾಲಿಗೆ ಕಲ್ಲು ಸಿಕ್ಕಿದ ಹಾಗೆ ಗೊತ್ತಾಗತ್ತೆ. ಆದ್ರೆ ಸಂತೆ ದಿನ ಬಸ್‌ಸ್ಟ್ಯಾಂಡಲ್ಲಿ ನಿಂತ್ರೆ ಹತ್ತು ಕಡೆಯಿಂದ ಅಕ್ಷರ, ಮನೆಗೆ ಬಂದು ಕತ್ತಲೆ ಕೋಣೇಲಿ ಅರ್ಧ ಗಂಟೆ ಮಲಗ್ಬೇಕು. ಸಣ್ಣವಳಿದ್ದಾಗ ಎಲ್ಲರಿಗೂ ಹೀಗೇ ಅಂದ್ಕೊಂಡಿದ್ದೆ. ಹೈಸ್ಕೂಲಲ್ಲಿ ಒಬ್ಬ ಟೀಚರ್‌ಗೆ ಹೇಳಿದ್ರೆ ಇಡೀ ಕ್ಲಾಸ್ ಎದುರು ಸುಳ್ಳು ಹೇಳ್ತೀಯಾ ಅಂದ್ರು, ಅಲ್ಲಿಂದ ಬಾಯಿ ಬಿಟ್ಟಿರ್ಲಿಲ್ಲ. ಈಗ ಐದಾರು ವರ್ಷದ ಹಿಂದೆ ಓದಿದೆ, ಇದಕ್ಕೆ ಟಿಕರ್ ಟೇಪ್ ಸಿನೆಸ್ತೇಷಿಯಾ ಅಂತ ಹೆಸರಿದೆ, ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1883ರಲ್ಲೇ ಬರೆದಿದ್ದಾನೆ, ಕೆಲವೇ ಕೆಲವರಿಗೆ ಆಡಿದ ಪ್ರತಿ ಮಾತೂ ಅಚ್ಚಾದ ಹಾಗೆ ಕಾಣತ್ತೆ ಅಂತ. ಅದನ್ನ ಓದಿದ ದಿನ ನಾನು ಅತ್ತಿದ್ದು ನೆನಪಿದೆ. ನಿಮ್ಮ ಪ್ರಶ್ನೆಗೆ ಉತ್ತರ ನಂಗೆ ಗೊತ್ತಿಲ್ಲ ಅಕ್ಕ, ಆದ್ರೆ ಇನ್ನೊಬ್ಬರ ತಲೆ ಒಳಗೆ ಇಂಥದ್ದಿಲ್ಲ ಅಂತ ಹೊರಗೆ ನಿಂತು ಹೇಳೋರ ಮಾತು ನಂಬಬೇಡಿ.

ವೈರಿಂಗ್ ಹೊಸನಗರ:

ನಾನು ನಿಮ್ಮ ಅತ್ತಿಗೆ ಪಾರ್ಟಿ. ಮಾತೂ ಇಲ್ಲ ಅಕ್ಷರಾನೂ ಇಲ್ಲ. ಒಂದು ಮನೆ ವೈರಿಂಗ್ ಮಾಡ್ಬೇಕಾದ್ರೆ ಮೆಯಿನ್ ಬೋರ್ಡಿಂದ ಎಲ್ಲೆಲ್ಲಿ ಪೈಪ್ ಹೋಗ್ಬೇಕು, ಎಲ್ಲಿ ತಿರುಗ್ಬೇಕು ಅದು ಗೊತ್ತಿರತ್ತೆ, ಆದ್ರೆ "ಇಲ್ಲಿಂದ ಎಡಕ್ಕೆ" ಅಂತ ಒಳಗೆ ಯಾರೂ ಹೇಳಲ್ಲ. ಚಿತ್ರ ಅಂತನೂ ಪೂರ್ತಿ ಹೇಳಕ್ಕಾಗಲ್ಲ, ಕೈಗೆ ಗೊತ್ತಿರತ್ತೆ ಅನ್ನಬಹುದು. ಮಾತಾಡುವಾಗ ಮಾತ್ರ ಶಬ್ದ ಹುಡುಕ್ಬೇಕು, ಅದಕ್ಕೇ ನಾನು ಸ್ವಲ್ಪ ನಿಧಾನ.

ನಂಗೆ ಬೇಜಾರಾಗೋದು ಎಲ್ಲಿ ಅಂದ್ರೆ ಮಾತಿಲ್ಲ ಅಂದ ಕೂಡ್ಲೇ ಯೋಚನೆ ಇಲ್ಲ ಅಂತ ತಿಳ್ಕೊಳ್ಳೋದು. 2024ರಲ್ಲಿ ಯೋಹಾನ್ನೆ ನೆಡರ್‌ಗಾರ್ಡ್ ಮತ್ತೆ ಗ್ಯಾರಿ ಲುಪ್ಯಾನ್ ಅಂತ ಇಬ್ಬರು ಸಂಶೋಧಕರು ಒಳಗಿನ ಮಾತು ತೀರಾ ಕಡಿಮೆ ಇರೋರನ್ನೂ ಜಾಸ್ತಿ ಇರೋರನ್ನೂ ಹೋಲಿಸಿ ನೋಡಿದ್ರು, ಅನೆಂಡೋಫೇಸಿಯಾ ಅಂತ ಹೆಸರನ್ನೂ ಇಟ್ಟಿದಾರೆ. ಪದಗಳ ಪಟ್ಟಿ ನೆನಪಿಟ್ಕೊಳ್ಳೋದ್ರಲ್ಲಿ, ಎರಡು ಪದಕ್ಕೆ ಪ್ರಾಸ ಕೂಡತ್ತಾ ಹೇಳೋದ್ರಲ್ಲಿ ನಮ್ಮಂಥವರು ಹಿಂದೆ ಬಿದ್ದಿದಾರೆ, ಅದು ನಿಜ, ಶಾಲೇಲಿ ಪದ್ಯ ಬಾಯಿಪಾಠ ಮಾಡಕ್ಕೆ ನಾನು ಪಟ್ಟ ಪಾಡು ನಂಗೇ ಗೊತ್ತು. ಆದ್ರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಬದಲಾಯಿಸೋ ಪರೀಕ್ಷೇಲಿ ವ್ಯತ್ಯಾಸನೇ ಸಿಗಲಿಲ್ಲ. ನಿಮ್ಮ ಅಪ್ಪಯ್ಯ ಗೊರಬಲು ಆರಿಸ್ತಾರಲ್ಲ ಅದು ಯೋಚನೆ ಅಲ್ದೆ ಮತ್ತೆಂತ.

ಹಳೇ ಮೇಷ್ಟ್ರು:

ನಾನು ಕನ್ನಡ ಪಾಠ ಮಾಡಿ ನಿವೃತ್ತಿ ಆದವನು, ಈಗ ಮತ್ತೂರಿನ ಹತ್ತಿರ ಇದ್ದೇನೆ. ಇಲ್ಲಿ ಸಂಸ್ಕೃತ ಬಲ್ಲವರ ಜೊತೆ ಈ ವಿಷಯ ಹಿಂದೆಯೂ ಚರ್ಚೆ ಆಗಿದೆ. ಭರ್ತೃಹರಿ ಅನ್ನೋ ವೈಯಾಕರಣ ಸುಮಾರು ಐದನೇ ಶತಮಾನದಲ್ಲೇ ಹೇಳಿದ್ದು, ಶಬ್ದದ ಜೊತೆ ಇಲ್ಲದ ಅರಿವು ಲೋಕದಲ್ಲಿ ಇಲ್ಲ ಅಂತ. ಅಂದ್ರೆ ತುಂಗೆ ದಂಡೆಯವರ ಸಂಬಂಧಿಕರ ಪರ ಆಯ್ತು ಅಂತ ಮೇಲ್ನೋಟಕ್ಕೆ ಕಾಣತ್ತೆ. ಆದ್ರೆ ಅವರು ಶಬ್ದ ಅಂದಿದ್ದು ಬಾಯಿಯ ಮಾತನ್ನ ಮಾತ್ರ ಅಲ್ಲ. ವಾಕ್ಕಿಗೆ ಮೂರು ಮಜಲು ಹೇಳ್ತಾರೆ, ಹೊರಗೆ ಕೇಳೋದು ವೈಖರಿ, ಒಳಗೆ ಸದ್ದಿಲ್ಲದೆ ಆದರೂ ಕ್ರಮವಾಗಿ ಬರೋದು ಮಧ್ಯಮಾ, ಅದಕ್ಕೂ ಹಿಂದೆ ಪದ ಪದವಾಗಿ ಬಿಡಿಯಾಗದೆ ಇಡಿಯಾಗಿ ಇರೋದು ಪಶ್ಯಂತಿ. ಪಶ್ಯಂತಿ ಅಂದ್ರೆ ನೋಡುವಂಥದ್ದು. ವಾಕ್ಕಿನ ಒಂದು ಮಜಲಿಗೇ ನೋಟದ ಹೆಸರು ಇಟ್ಟಿದ್ದಾರಲ್ಲ, ನನಗೆ ಅದು ಯಾವಾಗಲೂ ಆಶ್ಚರ್ಯ.

ಇನ್ನೊಂದು ಸಂಗತಿ ಸಂಸ್ಕೃತಕ್ಕೆ ಹೋಗದೆ ನಮ್ಮ ಕನ್ನಡದಲ್ಲೇ ಇದೆ. ನಾವು "ಅಂದುಕೊಂಡೆ" ಅಂತೀವಿ. ಅನ್ನು ಅಂದ್ರೆ ಹೇಳು, ತನಗೆ ತಾನೇ ಹೇಳಿಕೊಳ್ಳೋದಕ್ಕೆ ಯೋಚನೆ ಅಂತ ಅರ್ಥ ಬಂದಿದೆ. ಅದೇ ಬಾಯಲ್ಲಿ "ಮಳೆ ಬರತ್ತೆ ಅಂತ ಕಾಣತ್ತೆ" ಅಂತೀವಿ, ಕಣ್ಣಿಗೆ ಏನೂ ಕಾಣದೇ ಇದ್ರೂ. "ಹೊಳೀತು" ಅಂತೀವಿ, ಅಲ್ಲಿ ಮಾತೂ ಇಲ್ಲ ಚಿತ್ರವೂ ಇಲ್ಲ, ಬರೀ ಬೆಳಕು. "ತೋಚಲಿಲ್ಲ" ಅಂತೀವಿ. ಭಾಷೆ ಕಟ್ಟಿದ ಹಳಬರಲ್ಲಿ ಕೇಳುವವರೂ ಇದ್ರು ನೋಡುವವರೂ ಇದ್ರು ಎರಡೂ ಇಲ್ಲದವರೂ ಇದ್ರು ಅಂತ ನನಗೆ ಅನ್ನಿಸುತ್ತೆ. ಇದು ನನ್ನ ಊಹೆ, ಶಾಸ್ತ್ರ ಅಲ್ಲ.

ಮಂಡಿ ಲೆಕ್ಕ:

ಮೇಷ್ಟ್ರೇ ಕೊನೆಯ ಪ್ಯಾರಾ ಎರಡು ಸಲ ಓದಿದೆ. "ಅನ್ನಿಸುತ್ತೆ" ಅನ್ನೋದೂ ಅದೇ ಅಲ್ವಾ, ಯಾರೋ ಒಳಗೆ ಕೂತು ನಮ್ಮಿಂದ ಅನ್ನಿಸೋದು.

ಇನ್ನೊಂದು ಹೇಳಕ್ಕೆ ಮರೆತಿದ್ದೆ. ನಾವೆಲ್ಲ ಇಡೀ ದಿನ ಒಳಗೆ ಮಾತಾಡ್ತೀವಿ ಅಂತೀವಲ್ಲ ಅದೂ ಅಷ್ಟು ನಂಬೋ ಹಾಗಿಲ್ಲ. ರಸೆಲ್ ಹರ್ಲ್‌ಬರ್ಟ್ ಅಂತ ಅಮೆರಿಕದ ನೆವಾಡಾದ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಒಂದು ಬೀಪರ್ ಕೊಟ್ಟು ಜನರನ್ನ ಪರೀಕ್ಷೆ ಮಾಡ್ತಾ ಬಂದಿದಾರೆ, ಅದು ಯಾವಾಗ ಬೇಕಾದ್ರೂ ಕೂಗತ್ತೆ, ಕೂಗಿದ ಆ ಕ್ಷಣಕ್ಕೆ ಸ್ವಲ್ಪ ಮುಂಚೆ ತಲೇಲಿ ಎಂತ ಇತ್ತು ಅಂತ ಬರೆದಿಡ್ಬೇಕು. 30 ವಿದ್ಯಾರ್ಥಿಗಳ ಮೇಲೆ ಮಾಡಿದಾಗ ಸರಾಸರಿ ಕಾಲು ಭಾಗದಷ್ಟು ಸಲ ಮಾತ್ರ ಒಳಗೆ ಮಾತಿತ್ತು, ಕೆಲವರಿಗೆ ಒಂದು ಸಲಾನೂ ಇರ್ಲಿಲ್ಲ. ಮಾತೂ ಚಿತ್ರವೂ ಇಲ್ಲದ ಯೋಚನೆ ಅನ್ನೋದನ್ನೂ ಅವರು ಬೇರೆಯಾಗೇ ಎಣಿಸಿದಾರೆ. ನಾನು ಮೊಬೈಲಲ್ಲಿ ಅಲಾರಂ ಇಟ್ಟು ಎರಡು ದಿನ ಮಾಡಿ ನೋಡ್ದೆ. ಎಂಟು ಸಲದಲ್ಲಿ ಮೂರು ಸಲ ಮಾತ್ರ ಮಾತಿತ್ತು. ಒಂದು ಸಲ ಬರೀ ಟೀ ಲೋಟದ ಬಿಸಿ ಬಿಟ್ರೆ ಬೇರೆ ಏನೂ ಇರ್ಲಿಲ್ಲ. ನಾನು ಇಡೀ ದಿನ ಮಾತಾಡ್ತೀನಿ ಅಂತ ಪ್ರಮಾಣ ಮಾಡಿ ಹೇಳೋ ಹಾಗಿದ್ದೆ.

ಮಾತು ಕಲಿಸುವವಳು:

ನಾನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ್ದು, ಈಗ ಶಿವಮೊಗ್ಗದಲ್ಲಿ ಸ್ಪೀಚ್ ಥೆರಪಿ ಮಾಡ್ತೀನಿ. ನಿಮ್ಮ ಅಪ್ಪಯ್ಯನ್ನ ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ, ಆದ್ರೂ ಬಲಗೈ ಸೋತು ಮಾತು ಹೋಗಿದೆ ಅಂದ್ರೆ ಸಾಮಾನ್ಯವಾಗಿ ಮೆದುಳಿನ ಎಡಭಾಗಕ್ಕೆ ಪೆಟ್ಟು, ಇದಕ್ಕೆ ಅಫೇಸಿಯಾ ಅಂತೀವಿ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನೋ ವೈದ್ಯರು "ಟಾನ್" ಅನ್ನೋ ಒಂದೇ ಶಬ್ದ ಬಿಟ್ಟು ಬೇರೆ ಹೆಚ್ಚಿಗೆ ಹೇಳಲಾಗದ ರೋಗಿಯನ್ನ ಪರೀಕ್ಷೆ ಮಾಡಿದ್ರು, ಅವನು ತೀರಿಕೊಂಡ ಮೇಲೆ ಮೆದುಳು ನೋಡಿದ್ರೆ ಎಡ ಮುಂಭಾಗದಲ್ಲಿ ಗಾಯ. ಅದೇ ಜಾಗಕ್ಕೆ ಅವರ ಹೆಸರಿದೆ. ನಾವು ಸುಮ್ಮನೆ ಒಳಗೆ ಮಾತಾಡ್ಕೊಂಡ್ರೂ ಆ ಜಾಗ ಕೆಲಸ ಮಾಡತ್ತೆ, ಸ್ಕ್ಯಾನಲ್ಲಿ ಕಾಣತ್ತೆ. ಹಾಗಾಗಿ ಒಳಗಿನ ಮಾತಿಗೂ ಪೆಟ್ಟು ಬಿದ್ದಿರಬಹುದು, ಕೆಲವರಲ್ಲಿ ಪೂರ್ತಿ, ಕೆಲವರಲ್ಲಿ ಒಳಗೆ ಪದ ಬಂದು ಬಾಯಿಗೆ ಮಾತ್ರ ಬರಲ್ಲ. ಎರಡೂ ಇದೆ.

ಆದ್ರೆ ಯೋಚನೆ ಬೇರೆ. 2005ರಲ್ಲಿ ಇಂಗ್ಲೆಂಡಲ್ಲಿ ರೋಸ್‌ಮೇರಿ ವಾರ್ಲಿ ಅವರ ತಂಡ ಅಫೇಸಿಯಾ ಇದ್ದ ಮೂರು ಜನರನ್ನ ನೋಡಿದ್ರು. "ಸಿಂಹ ಮನುಷ್ಯನನ್ನ ಕೊಂದಿತು" ಮತ್ತು "ಮನುಷ್ಯ ಸಿಂಹವನ್ನ ಕೊಂದ" ಇಂಥ ವಾಕ್ಯಗಳಲ್ಲಿ ಯಾರು ಯಾರನ್ನ ಅಂತ ಹೇಳಕ್ಕೆ ಅವರಿಗೆ ಆಗ್ತಿರ್ಲಿಲ್ಲ, ಆದ್ರೆ ಲೆಕ್ಕದಲ್ಲಿ ಚಿಕ್ಕದ್ರಿಂದ ದೊಡ್ಡದು ಕಳೆಯೋದು, ಕಂಸ ಇರೋ ಲೆಕ್ಕ ಎಲ್ಲ ಮಾಡಿದ್ರು. ಭಾಷೆ ಬಹಳಷ್ಟು ಹೋದ್ಮೇಲೂ ಚೆಸ್ ಆಡೋರು ಇದಾರೆ. ನಾನು ದಿನಾ ನೋಡೋ ಜನರಲ್ಲೂ ಇದೇ, ಮಾತು ಹೋಗಿದೆ ಮನುಷ್ಯ ಅಲ್ಲೇ ಇದಾನೆ.

ಮನೇಲಿ ಎಂತ ಮಾಡಬಹುದು ಅಂದ್ರೆ, ದಯವಿಟ್ಟು ಅವರ ಎದುರು ಅವರ ಬಗ್ಗೆ ಹಾಗೆ ಮಾತಾಡಕ್ಕೆ ಯಾರನ್ನೂ ಬಿಡಬೇಡಿ, ಬಹಳಷ್ಟು ಅರ್ಥ ಆಗ್ತಿರತ್ತೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು ಇಲ್ಲ ಅಂತ ತಲೆ ಆಡಿಸೋ ಹಾಗೆ ಕೇಳಿ. ಕೇಳಿ ಸುಮ್ಮನೆ ಕಾಯಿರಿ, ಮನಸ್ಸಲ್ಲೇ ಹತ್ತು ಎಣಿಸೋ ತನಕ ಕಾಯಿರಿ, ನಾವು ಮಧ್ಯ ಬಾಯಿ ಹಾಕಿದ್ರೆ ಬರ್ತಾ ಇದ್ದ ಪದ ಓಡಿಹೋಗತ್ತೆ. ಅವರಿಗೆ ಗೊತ್ತಿರೋ ಭಜನೆ ಏನಾದ್ರೂ ಇದ್ರೆ ಜೊತೆಗೆ ಹಾಡಿ ನೋಡಿ, ಆಡಕ್ಕೆ ಬಾರದ ಪದ ಹಾಡಲ್ಲಿ ಬರೋದುಂಟು. ಮತ್ತೆ ಥೆರಪಿ ಶುರು ಮಾಡಿಲ್ಲ ಅಂದ್ರೆ ಮಾಡಿ, ತಿಂಗಳುಗಳು ಕಳೆದ್ರೂ ಸುಧಾರಣೆ ಆಗತ್ತೆ.

ವೈರಿಂಗ್ ಹೊಸನಗರ:

ಮೇಡಂ ಒಂದು ಡೌಟು. ನನ್ನ ಹಾಗೆ ಮೊದಲಿಂದ ಒಳಗೆ ಮಾತಿಲ್ಲದವರಿಗೆ ಸ್ಟ್ರೋಕ್ ಆದ್ರೆ ಕಷ್ಟ ಕಮ್ಮಿನಾ?

ಮಾತು ಕಲಿಸುವವಳು:

ಅದನ್ನ ಯಾರಾದ್ರೂ ಅಳೆದು ನೋಡಿದ್ದು ನಾನು ಓದಿಲ್ಲ. ಆದ್ರೆ ಕೈಕೆಲಸದವರು, ಬಡಗಿ, ಟೈಲರ್, ಮಾತಿಲ್ಲದೇ ಬೇಗ ಕೆಲಸಕ್ಕೆ ಮರಳಿದ್ದನ್ನ ನೋಡಿದೀನಿ. ಬಿಪಿ ನೋಡಿಸ್ತಾ ಇರಿ.

ತುಂಗೆ ದಂಡೆ:

ಎಲ್ಲರಿಗೂ ಎಷ್ಟು ಹೇಳಿದ್ರೂ ಸಾಲದು. ನಾಲ್ಕು ದಿನ ಬರಿಯಕ್ಕಾಗ್ಲಿಲ್ಲ, ಮೋಡ ಹಾಕಿತ್ತು, ಬೇಯಿಸಿದ ಅಡಿಕೆ ಎಲ್ಲ ಒಳಗೆ ಹಾಕೋ ಗಡಿಬಿಡಿ.

ಮೇಡಂ ಹೇಳಿದ ಹಾಗೆ ಭಜನೆ ಹಾಡ್ದೆ, ಮೊದಲ ಸಾಲಲ್ಲಿ ದನಿ ಮಾತ್ರ ಬಂತು, ಎರಡನೇ ಸಲ ಹಾಡಿದಾಗ ಕೊನೆಗೆ "ಬಾರೋ" ಅಂತ ಸ್ಪಷ್ಟವಾಗಿ ಅಂದ್ರು. ಅಮ್ಮ ಒಳಗಿಂದ ಕೈ ಒರೆಸಿಕೊಳ್ತಾ ಓಡಿ ಬಂದ್ರು.

ಅವತ್ತೇ ಸಂಜೆ ಅಟ್ಟದಿಂದ ಚೆನ್ನೆಮಣೆ ಇಳಿಸ್ದೆ. ಆಷಾಢ ಅಲ್ಲ ಈಗೆಂತಕ್ಕೆ ಅಂತ ಅಮ್ಮ ಒಂದು ಸಲ ಅಂದು ಸುಮ್ಮನಾದ್ರು. ಹದಿನಾಲ್ಕು ಮನೆ, ಒಂದೊಂದಕ್ಕೆ ನಾಲ್ಕು ಹುಣಸೆ ಬೀಜ, ಅಪ್ಪಯ್ಯ ಒಂದು ಕಡೆ ನನ್ನ ಮಗಳು ಒಂದು ಕಡೆ. ಅವಳು ಬೀಜ ಹಾಕ್ತಾ ತುಟಿ ಅಲ್ಲಾಡಿಸಿ ಒಂದು ಎರಡು ಅಂತ ಎಣಿಸ್ತಾಳೆ. ಅಪ್ಪಯ್ಯ ಬಾಯಿ ಅಲ್ಲಾಡಿಸಲ್ಲ. ಯಾವ ಮನೆ ಎತ್ತಬೇಕು ಅಂತ ನಿರ್ಧಾರ ಮಾಡೋ ಮುಂಚೆ ಎಡಗೈ ಹೆಬ್ಬೆರಳನ್ನ ಮಣೆ ಅಂಚಿನ ಮೇಲೆ ಒಂದೊಂದೇ ಮನೆಗೆ ಸರಿಸ್ತಾ ಹೋಗ್ತಾರೆ, ಬೀಜ ಖಾಲಿ ಆಗೋ ಜಾಗಕ್ಕೆ ಬಂದ ಕೂಡ್ಲೇ ನಿಲ್ಲತ್ತೆ, ಆಮೇಲೆ ವಾಪಸ್ ಬಂದು ಎತ್ತೋದು. ನಾನು ಆ ಹೆಬ್ಬೆರಳನ್ನೇ ನೋಡ್ತಾ ಕೂತಿದ್ದೆ. ಮೂರು ಆಟದಲ್ಲಿ ಎರಡು ಗೆದ್ರು.

ಮಗಳು ಎದ್ದು ಹೋದ್ಮೇಲೆ ನಾನೇ ಕೇಳ್ದೆ, "ಅಪ್ಪಯ್ಯ, ಒಳಗೆ ಮಾತು ಇದ್ಯಾ?" ಅಂತ. ಕಾದೆ. ಹತ್ತಕ್ಕಿಂತ ಜಾಸ್ತಿನೇ ಎಣಿಸಿರಬೇಕು. ಹೌದು ಅಂತ ತಲೆ ಆಡಿಸಿದ್ರು, ಆಮೇಲೆ ಇಲ್ಲ ಅನ್ನೋ ಹಾಗೆ ಕೈ ಆಡಿಸಿದ್ರು, ಆಮೇಲೆ ಬೊಗಸೆಯಲ್ಲಿ ಸ್ವಲ್ಪ ಬೀಜ ತಗೊಂಡು ಬೆರಳ ಸಂದಿಯಿಂದ ಒಂದೊಂದೇ ಮಣೆಗೆ ಬೀಳಿಸಿ ನನ್ನ ಮುಖ ನೋಡಿದ್ರು. ಒಂದೆರಡು ಬೀಜ ಕೈಯಲ್ಲೇ ಉಳ್ಕೊಂಡಿತ್ತು. ಅದನ್ನ ನನ್ನ ಕೈಗೆ ಹಾಕಿ, ಮಗಳನ್ನ ಕರಿ ಅಂತ ಸನ್ನೆ ಮಾಡಿದ್ರು, ಇನ್ನೊಂದು ಆಟಕ್ಕೆ.